ಪ್ರಶ್ನೆ ಕೇಳುವ ಹಕ್ಕು ಯಾರದು?

ಡೊಂಬಿವಲಿ, ಕಲ್ಯಾಣ್ ಕಡೆಯ ಕನ್ನಡದ ಮನೆಗಳಲ್ಲಿ ಮಗುವಿನ ಕಿವಿಗೆ ದಿನಕ್ಕೆ ನಾಲ್ಕೈದು ಭಾಷೆ ಬೀಳುತ್ತವೆ. ಅಜ್ಜಿಯ ಜತೆ ತುಳು, ಅಪ್ಪನ ಜತೆ ಕನ್ನಡ, ಕೆಳಗೆ ಆಡಲು ಹೋದರೆ ಮರಾಠಿ, ಲೋಕಲ್ ರೈಲಿನಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ಮಗುವಿಗೆ ಆಟಿಸಂ ಇದೆ ಎಂದು ಗೊತ್ತಾದ ಮೇಲೆ ಇಂಥ ಮನೆಗಳಿಗೆ ಸಿಗುವ ಸಲಹೆಗಳಲ್ಲಿ ಒಂದು: ‘ಇನ್ನು ಮುಂದೆ ಒಂದೇ ಭಾಷೆ ಮಾತಾಡಿ.’ ಆ ಒಂದು ಭಾಷೆ ತುಳುವಾಗಿರುವುದು ಅಪರೂಪ. ಅಜ್ಜಿ ಸುಮ್ಮನಾಗುತ್ತಾರೆ. ಎರಡು ಭಾಷೆಗಳ ನಡುವೆ ಬೆಳೆದರೆ ಆಟಿಸಂ ಇರುವ ಮಕ್ಕಳ ಮಾತಿಗೆ ಹಾನಿ ಎಂಬುದಕ್ಕೆ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ. ಆದರೂ ಸಲಹೆ ನಿಂತಿಲ್ಲ. ಹಾಗೆ ಬೆಳೆದು ದೊಡ್ಡವರಾದವರನ್ನೇ ಕರೆದು, ‘ಯಾವ ಭಾಷೆ ಕೈತಪ್ಪಿತು, ಅದರ ಜತೆ ಯಾರು ಕೈತಪ್ಪಿದರು?’ ಎಂದು ಕೇಳಬಹುದಿತ್ತು. ಆದರೆ ಪ್ರಶ್ನೆಗಳನ್ನು ಆರಿಸುವ ಜಾಗದಲ್ಲಿ ಸಾಮಾನ್ಯವಾಗಿ ಅವರು ಇರುವುದಿಲ್ಲ.

ಇರಬೇಕು ಎನ್ನುವ ಆಶಯ ಕಾನೂನಿನಲ್ಲಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಆಟಿಸಂ ಅನ್ನು ತನ್ನ 21 ವೈಕಲ್ಯಗಳ ಪಟ್ಟಿಯಲ್ಲಿ ಸೇರಿಸಿದೆ. ಅದರ 6ನೇ ಸೆಕ್ಷನ್ ಪ್ರಕಾರ, ವ್ಯಕ್ತಿಗೆ ಅರ್ಥವಾಗುವ ರೀತಿಯಲ್ಲಿ ತಿಳಿಸಿ ಒಪ್ಪಿಗೆ ಪಡೆಯದೆ ಅವರ ಮೇಲೆ ಸಂಶೋಧನೆ ಮಾಡುವಂತಿಲ್ಲ. ಜತೆಗೆ ಒಂದು ಸಮಿತಿಯ ಪೂರ್ವಾನುಮತಿಯೂ ಬೇಕು. ಆ ಸಮಿತಿಯ ಕನಿಷ್ಠ ಅರ್ಧದಷ್ಟು ಸದಸ್ಯರು ಸ್ವತಃ ಅಂಗವಿಕಲರಾಗಿರಬೇಕು, ಅಥವಾ ನೋಂದಾಯಿತ ಸಂಸ್ಥೆಯ ಸದಸ್ಯರಾಗಿರಬೇಕು. ಈ ‘ಅಥವಾ’ದಲ್ಲೇ ತೊಡಕಿರುವುದು. ಅದೇ ಕಾಯ್ದೆಯ ವ್ಯಾಖ್ಯೆಯಂತೆ ಹೆತ್ತವರ ಸಂಘವೂ, ಸೇವಾ ಟ್ರಸ್ಟೂ ‘ನೋಂದಾಯಿತ ಸಂಸ್ಥೆ’ಯೇ. ಹಾಗಾಗಿ ಆಟಿಸಂ ಇರುವ ಒಬ್ಬರೂ ಇಲ್ಲದೆ ಆಟಿಸಂ ಸಂಶೋಧನೆಗೆ ಅನುಮತಿ ಕೊಟ್ಟರೂ ಕಾನೂನು ಮುರಿದಂತಾಗುವುದಿಲ್ಲ.

ಹೆತ್ತವರನ್ನು ದೂರಲು ಈ ಮಾತಲ್ಲ. ದೇಶದಲ್ಲಿ ಆಟಿಸಂಗಾಗಿ ನಿಂತ ಎಷ್ಟೋ ಶಾಲೆ, ಸಂಘಗಳನ್ನು ಕಟ್ಟಿದವರು ಅವರೇ. ಆದರೆ ತಾಯಿಯ ಪ್ರಶ್ನೆ ‘ನಾವು ಹೋದ ಮೇಲೆ ಇವನ ಗತಿಯೇನು?’ ಎಂಬುದು. ಮಗನ ಪ್ರಶ್ನೆ ‘ಈಗ ನಾನು ಹೇಗೆ ಬದುಕಲಿ?’ ಎಂದಿರಬಹುದು. ಎರಡೂ ನಿಜ. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಆಗದು.

ಅಳತೆಯ ವಿಷಯದಲ್ಲೂ ಹೀಗೆಯೇ. ನಮ್ಮಲ್ಲಿ ಆಟಿಸಂ ಪ್ರಮಾಣಪತ್ರಕ್ಕೆ ಬಳಸುವ ಭಾರತೀಯ ಮಾಪಕವನ್ನು ರೂಪಿಸಿದ್ದು ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆ. ಅದರ ಪ್ರಾದೇಶಿಕ ಕೇಂದ್ರ ನವಿಮುಂಬಯಿಯ ಖಾರ್ಘರ್‌ನಲ್ಲಿದೆ. ಮಾಪಕದಲ್ಲಿ 40 ಅಂಶಗಳು, ಒಂದೊಂದಕ್ಕೂ 1ರಿಂದ 5 ಅಂಕ. 70 ದಾಟಿದರೆ ಆಟಿಸಂ, 153 ದಾಟಿದರೆ ತೀವ್ರ. ಕಣ್ಣಿಗೆ ಕಣ್ಣು ಕೊಡದಿದ್ದರೆ ಅಂಕ ಏರುತ್ತದೆ. ಕಣ್ಣು ಕೊಡಲು ಒಳಗೆ ಎಷ್ಟು ತ್ರಾಸವಾಯಿತು ಎಂಬುದಕ್ಕೆ ಅಂಕವಿಲ್ಲ. ಅದು ಹೊರಗೆ ನಿಂತು ನೋಡುವವರಿಗೆ ಕಾಣುವಂಥದ್ದಲ್ಲ.

ಕೇಳದೆ ಹೊರಟರೆ ಏನಾಗುತ್ತದೆ ಎಂಬುದನ್ನು ಬ್ರಿಟನ್ ಕಂಡಿದೆ. 2021ರ ಆಗಸ್ಟ್‌ನಲ್ಲಿ ಕೇಂಬ್ರಿಜ್‌ನ ಸಂಶೋಧಕರು ‘ಸ್ಪೆಕ್ಟ್ರಮ್ 10ಕೆ’ ಎಂಬ ಯೋಜನೆ ಆರಂಭಿಸಿದರು. ಆಟಿಸಂ ಇರುವ 10,000 ಜನರ ಡಿಎನ್‌ಎ ಸಂಗ್ರಹ ಅದರ ಗುರಿ. ಈ ಮಾಹಿತಿ ಮುಂದೆ ಯಾರ ಕೈ ಸೇರುತ್ತದೆ, ತಮ್ಮಂಥವರು ಹುಟ್ಟದಂತೆ ಮಾಡಲು ಬಳಕೆಯಾದರೆ ಏನು ಗತಿ ಎಂದು ಆಟಿಸಂ ಇರುವವರೇ ಎದ್ದು ಕೇಳಿದರು. ಮರುತಿಂಗಳೇ ಯೋಜನೆ ತಡೆದು ನಿಂತಿತು. ಆ ಪ್ರಶ್ನೆಗಳನ್ನು ಮೊದಲ ಸಭೆಯಲ್ಲೇ ಕೇಳಲು ಜನ ಇದ್ದಿದ್ದರೆ ಯೋಜನೆಯ ರೂಪವೇ ಬೇರೆಯಾಗುತ್ತಿತ್ತು.

‘ಮಾತೇ ಬಾರದವರು ಏನು ನಿರ್ಧಾರ ಮಾಡುತ್ತಾರೆ?’ ಎಂಬ ಆಕ್ಷೇಪ ಯಾವಾಗಲೂ ಬರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಏಳು ವರ್ಷ ದಾಟಿದ ಮಗುವಿನ ಸಮ್ಮತಿಯನ್ನೂ ಕೇಳಬೇಕು ಎನ್ನುತ್ತದೆ. ಮಗುವಿಗಿರುವ ಆ ಮರ್ಯಾದೆ ಮೂವತ್ತು ವರ್ಷದವರಿಗೆ ಬೇಡವೇ? ಚಿತ್ರ ತೋರಿಸಿ, ಟೈಪ್ ಮಾಡಿ, ಬೇಡವಾದದ್ದನ್ನು ಕೈಯಿಂದ ದೂಡಿ ಹೇಳುವವರಿದ್ದಾರೆ. ಓದಿದ್ದರೂ ಸಭೆಯ ಗದ್ದಲದಲ್ಲಿ ಮಾತು ನಿಂತುಹೋಗುವವರೂ ಇದ್ದಾರೆ. ಅವರಿಗೆ ಪ್ರಶ್ನೆ ಮುಂಚೆಯೇ ಬರಹದಲ್ಲಿ ಸಿಕ್ಕರೆ ಸಾಕು. ಒಬ್ಬರು ಎಲ್ಲರ ಪರ ಮಾತಾಡಲಾರರು, ನಿಜ. ಹಾಗಾದರೆ ಹಲವರು ಬೇಕು. ಯಾರೂ ಬೇಡ ಎಂದಲ್ಲ.

ಮುಂದಾಳತ್ವವೆಂದರೆ ಕೊನೆಯಲ್ಲಿ ಅಭಿಪ್ರಾಯ ಹೇಳುವುದಲ್ಲ. ಮೊದಲು ಯಾವ ಪ್ರಶ್ನೆ, ಏನಾದರೆ ಸುಧಾರಣೆ, ಎಲ್ಲಿ ಸಾಕು ಎಂದು ತೀರ್ಮಾನಿಸುವ ಅಧಿಕಾರ ಅದು. ಆ ಅಧಿಕಾರ ಇದ್ದರೆ ಈ ಊರುಗಳಿಂದ ಬೇರೆಯೇ ಪ್ರಶ್ನೆಗಳು ಏಳಬಹುದು: ಥಾಣೆ ಸ್ಟೇಷನ್ನಿನ ನೂಕುನುಗ್ಗಲು ತಾಳದೆ ಕೆಲಸ ಬಿಟ್ಟವರೆಷ್ಟು? ಗಣೇಶೋತ್ಸವದ ಧ್ವನಿವರ್ಧಕದ ದಿನಗಳಲ್ಲಿ ಅವರು ಎಲ್ಲಿಗೆ ಹೋಗಬೇಕು? ಅಪ್ಪ ಅಮ್ಮನಿಗೆ ವಯಸ್ಸಾದ ಮೇಲೆ ಅದೇ ಮನೆಯಲ್ಲಿ ಉಳಿಯಲು ಯಾವ ನೆರವು ಬೇಕು? ಇವಕ್ಕೆ ಡಿಎನ್‌ಎ ಬೇಕಿಲ್ಲ. ಉತ್ತರ ಗೊತ್ತಿರುವವರು ಇಲ್ಲೇ ಇದ್ದಾರೆ. ಕಾಯ್ದೆಯ ಆ ‘ಅಥವಾ’ ಹೋಗುವವರೆಗೆ ಕಾಯಬೇಕಾಗಿಯೂ ಇಲ್ಲ. ಒಂದು ಕಾಲೇಜಿನ ನೈತಿಕ ಸಮಿತಿ ಮನಸ್ಸು ಮಾಡಿದರೆ ಮುಂದಿನ ಸಭೆಗೇ ಅವರನ್ನು ಕರೆಯಬಹುದು.