ಹಿಂದಿನ ಸಾಲಿಗೂ ಬೆಳಕು

ನಮ್ಮ ಗೌಡಗೆರೆ ಸೀಮೆಯಲ್ಲಿ ಹತ್ತನೇ ತರಗತಿಯ ಬೀಳ್ಕೊಡುಗೆ ಎಂದರೆ ಗುಂಪು ಫೋಟೊ ಇರಲೇಬೇಕು. ಹಾರ, ಭಾಷಣ, ಸಿಹಿ ಹಂಚಿಕೆ ಎಲ್ಲ ಮುಗಿಯುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. "ಫ್ಲಾಷ್ ಹಾಕಿ ಸಾರ್" ಎಂದು ಯಾರೋ ಕೂಗುತ್ತಾರೆ. ಆಮೇಲೆ ಚಿತ್ರ ನೋಡಿದರೆ ಮುಂದೆ ಕುಳಿತ ಮೇಷ್ಟರುಗಳ ಮುಖಕ್ಕೆ ಸುಣ್ಣ ಬಳಿದಂತಿರುತ್ತದೆ; ಹಿಂದೆ ನಿಂತ ಮಕ್ಕಳು ಕತ್ತಲೆಯಲ್ಲಿ ಕರಗಿಹೋಗಿರುತ್ತಾರೆ. ಪಕ್ಕದ ಹಳ್ಳಿಯಿಂದ ನಡೆದು ಬಂದು ಓದಿದ ಹುಡುಗಿಯ ಮನೆಯಲ್ಲಿ ಶಾಲೆಯ ನೆನಪಾಗಿ ಉಳಿಯುವುದು ಅದೊಂದೇ ಚಿತ್ರ. ಅದರಲ್ಲಿ ಅವಳೇ ಕಾಣದಿದ್ದರೆ?

ಇದಕ್ಕೆ ಉತ್ತರ ಪಠ್ಯಪುಸ್ತಕದಲ್ಲೇ ಇದೆ. ಬೆಳಕಿನ ತೀವ್ರತೆ ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ. ಮುಂದಿನ ಸಾಲು 2 ಮೀಟರ್, ಹಿಂದಿನದು 4 ಮೀಟರ್ ದೂರವಿದ್ದರೆ ಹಿಂದಿನವರಿಗೆ ದಕ್ಕುವುದು ಕಾಲುಪಾಲು ಬೆಳಕು. ಕ್ಯಾಮೆರಾ 4 ಮೀಟರ್ ಹಿಂದೆ ಸರಿದರೆ ಸಾಲುಗಳ ದೂರ 6 ಮತ್ತು 8 ಮೀಟರ್ ಆಗುತ್ತದೆ. ಆಗ ಹಿಂದಿನವರಿಗೆ ಅರ್ಧಕ್ಕಿಂತ ಹೆಚ್ಚು ಸಿಗುತ್ತದೆ. ದೂರ ಹೆಚ್ಚಾದದ್ದಕ್ಕೆ ತಕ್ಕಂತೆ ಐಎಸ್ಒ ಏರಿಸಬೇಕು, ಅಷ್ಟೆ.

ಇನ್ನು ಮೋಡ್‌ಗಳ ವಿಷಯ. ಮುಸ್ಸಂಜೆಯಲ್ಲಿ ಮಧುಗಿರಿಯ ಏಕಶಿಲಾ ಬೆಟ್ಟದ ಮುಂದೆ ಗೆಳೆಯನನ್ನು ನಿಲ್ಲಿಸಿ ಫ್ಲಾಷ್ ಹೊಡೆದಿರೆನ್ನಿ. ಗೆಳೆಯ ಕಾಣುತ್ತಾನೆ, ಬೆಟ್ಟ ಮಾಯ! ಅಲ್ಲಿರುವುದು ಎರಡು ಬೆಳಕು. ಫ್ಲಾಷ್ ಕಣ್ಣು ಮಿಟುಕಿಸುವುದಕ್ಕೂ ಮೊದಲೇ, ಸಾಮಾನ್ಯವಾಗಿ ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟರಲ್ಲಿ ಮುಗಿದುಹೋಗುತ್ತದೆ. ಶಟರ್ ಹೆಚ್ಚು ಹೊತ್ತು ತೆರೆದರೂ ಅದು ಹೆಚ್ಚುವುದಿಲ್ಲ. ಹೆಚ್ಚುವುದು ಆಕಾಶದ ಬೆಳಕು, ಅಂದರೆ ಬೆಟ್ಟದ ಪಾಲು.

'ಪಿ' ಮೋಡ್‌ನಲ್ಲಿ ಕೈ ಅಲುಗಿ ಚಿತ್ರ ಕೆಡದಿರಲೆಂದು ಕ್ಯಾಮೆರಾ ಸಾಮಾನ್ಯವಾಗಿ 1/60 ಸೆಕೆಂಡಿನ ಆಸುಪಾಸಿನಲ್ಲೇ ಶಟರ್ ಮುಚ್ಚುತ್ತದೆ, ಹಿನ್ನೆಲೆ ಕಪ್ಪಾಗುತ್ತದೆ. ಅಪರ್ಚರ್ ಆದ್ಯತೆಯ ಮೋಡ್‌ನಲ್ಲಿ ಕೆಲವು ಕ್ಯಾಮೆರಾಗಳು ಹಿನ್ನೆಲೆಗೆ ಬೇಕಾದಷ್ಟು ಹೊತ್ತು ಶಟರ್ ತೆರೆದಿಡುತ್ತವೆ. ಇನ್ನು ಕೆಲವಕ್ಕೆ 'ಸ್ಲೋ ಸಿಂಕ್' ಆರಿಸಬೇಕು. ಆಗ ಟ್ರೈಪಾಡ್ ಬೇಕು, ಎದುರಿಗಿದ್ದವರು ಅಲುಗಬಾರದು. ಶಟರ್ ಆದ್ಯತೆಯಲ್ಲಿ 1/15 ಎಂದು ನಾವೇ ಹೇಳಬಹುದು. 'ಎಂ' ಮೋಡ್‌ನಲ್ಲಿ ಶಟರ್, ಅಪರ್ಚರ್ ಎರಡೂ ನಮ್ಮ ಕೈಯಲ್ಲಿ. ಆದರೂ ಆಟೊ ಫ್ಲಾಷ್ ಇದ್ದರೆ ಅದು ತನ್ನ ಪಾಲನ್ನು ತಾನೇ ಅಳೆದು ಕೊಡುತ್ತದೆ. ನಾನು ಹೆಚ್ಚಾಗಿ ನೆಚ್ಚುವುದು ಇದನ್ನೇ.

ಮಟಮಟ ಮಧ್ಯಾಹ್ನವೂ ಫ್ಲಾಷ್ ಬೇಕು ಎಂದರೆ ಹಲವರು ನಗುತ್ತಾರೆ. ನೆತ್ತಿಯ ಬಿಸಿಲಿಗೆ ಅಜ್ಜನ ಪೇಟದ ನೆರಳು ಕಣ್ಣಿನ ಮೇಲೆ ಬಿದ್ದಾಗ ಹತ್ತಿರದಿಂದ ಒಂದಿಷ್ಟು ಫ್ಲಾಷ್ ಹಾಕಿ ನೋಡಿ, ಕಣ್ಣು ಬೆಳಗುತ್ತವೆ.

ಫಿಲಂ ಕಾಲದಲ್ಲಿ 36 ಚಿತ್ರಗಳ ರೀಲು ಮುಗಿಸಿ, ತೊಳೆಸಿದ ಮೇಲೆ ಫಲಿತಾಂಶ ತಿಳಿಯುತ್ತಿತ್ತು. ಈಗ ಪರದೆಯ ಮೇಲೆ ಆ ಕ್ಷಣವೇ ಕಾಣುತ್ತದೆ. ಪೋಷಕರೇ, ಕೆಟ್ಟೀತೆಂದು ಕ್ಯಾಮೆರಾವನ್ನು ಬೀರುವಿನಲ್ಲಿಡಬೇಡಿ. ಒಂದೇ ಜಾಗ, ನಾಲ್ಕು ಮೋಡ್, ನಾಲ್ಕು ಚಿತ್ರ ತೆಗೆಯಲಿ. ಏಕೆ ಬೇರೆಬೇರೆಯಾದವೆಂದು ಮಗಳೇ ವಿವರಿಸಲಿ. ಹಾಗೆ ಕಲಿತ ಸೂತ್ರ ಪರೀಕ್ಷೆ ಮುಗಿದ ಮೇಲೂ ಮರೆಯದು.