ಕಡಲು ಒಪ್ಪಿದರೆ ನೇತ್ರಾಣಿ

ದ್ವೀಪವೊಂದರಲ್ಲಿ ರಜೆ ಕಳೆಯಬೇಕೆಂಬ ಆಸೆ ಹುಟ್ಟಿದೊಡನೆ ಮನಸ್ಸು ಹಾರುವುದು ಅಂಡಮಾನಿಗೆ, ಲಕ್ಷದ್ವೀಪಕ್ಕೆ. ಕೈಯಲ್ಲಿ ಹಣವಿದ್ದವರಿಗೆ ಮಾಲ್ಡೀವ್ಸಿಗೆ. ಕನ್ನಡ ನಾಡಿನ ಕರಾವಳಿಯಲ್ಲಿಯೇ, ಭಟ್ಕಳ ತಾಲೂಕಿನ ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರು ದೂರದ ಕಡಲಿನಲ್ಲಿ, ಹಸಿರು ಹೊದ್ದ ಬಂಡೆಯ ದ್ವೀಪವೊಂದು ತಲೆಯೆತ್ತಿ ನಿಂತಿದೆಯೆಂಬುದು ಅನೇಕರ ನೆನಪಿಗೆ ಬರುವುದೇ ಇಲ್ಲ. ಅದೇ ನೇತ್ರಾಣಿ. ಅಲ್ಲಿ ನೆಲಸಿದ್ದ ಪಾರಿವಾಳಗಳನ್ನು ಕಂಡು ಆಂಗ್ಲರು ಇದಕ್ಕೆ ಪಾರಿವಾಳದ ದ್ವೀಪವೆಂದೇ ಹೆಸರಿಟ್ಟಿದ್ದರು.

ಈ ಯಾತ್ರೆಗೆ ಹೊರಡುವ ಕುಟುಂಬವು ಮೊದಲು ತಿಳಿದಿರಬೇಕಾದ ಸಂಗತಿಯೊಂದಿದೆ. ನೇತ್ರಾಣಿಯಲ್ಲಿ ತಂಗಲು ಮನೆಯಿಲ್ಲ, ಉಣ್ಣಲು ಖಾನಾವಳಿಯಿಲ್ಲ, ಅಡ್ಡಾಡಲು ಮರಳಿನ ತೀರವೂ ಇಲ್ಲ. ಸುತ್ತಲೂ ಕಡಿದಾದ ಬಂಡೆ. ನೌಕಾಪಡೆಯು ಗುರಿಯಭ್ಯಾಸಕ್ಕೆ ಬಳಸಿಕೊಂಡ ತಾಣವಾದುದರಿಂದ ಪ್ರವಾಸಿಗರು ಮೇಲೆ ಹತ್ತುವಂತೆಯೂ ಇಲ್ಲ. ಹಾಗಾದರೆ ಅಲ್ಲಿ ನೋಡುವುದೇನನ್ನು? ನೋಡಬೇಕಾದುದೆಲ್ಲ ನೀರಿನ ಕೆಳಗಿದೆ. ದ್ವೀಪದ ಬುಡವನ್ನು ಸುತ್ತಿ ಹವಳಗಳು ಬೆಳೆದಿವೆ. ಅವುಗಳ ನಡುವೆ ಬಣ್ಣಬಣ್ಣದ ಗಿಳಿಮೀನುಗಳೂ ಚಿಟ್ಟೆಮೀನುಗಳೂ ಹಿಂಡುಗಟ್ಟಿ ತಿರುಗುತ್ತವೆ. ಅದೃಷ್ಟವಿದ್ದವರಿಗೆ ಕಡಲಾಮೆಯ ದರ್ಶನವೂ ಆಗುತ್ತದೆ. ಮೇಲೆ ಆಕಾಶದಲ್ಲಿ ಬಿಳಿಹೊಟ್ಟೆಯ ಕಡಲ ಹದ್ದು ಗಿರಕಿ ಹೊಡೆಯುತ್ತಿರುತ್ತದೆ.

ಎರಡನೆಯ ಸಂಗತಿ ಕಾಲಕ್ಕೆ ಸೇರಿದ್ದು. ಬೆಟ್ಟಕ್ಕೋ ದೇವಾಲಯಕ್ಕೋ ಹೋಗುವವರು ತಮ್ಮ ರಜೆಯ ದಿನಗಳನ್ನು ನೋಡಿಕೊಂಡು ಹೊರಟರೆ ಸಾಕು. ದ್ವೀಪಕ್ಕೆ ಹೋಗುವವರು ಕಡಲಿನ ಪಂಚಾಂಗವನ್ನು ನೋಡಬೇಕು. ಜೂನ್ ತಿಂಗಳಿನಿಂದ ಮಳೆಗಾಲ ಮುಗಿಯುವವರೆಗೆ ಅರಬ್ಬೀ ಸಮುದ್ರವು ಯಾರ ಮಾತನ್ನೂ ಕೇಳದು. ಪಶ್ಚಿಮ ಕರಾವಳಿಯ ಯಾಂತ್ರಿಕ ದೋಣಿಗಳೇ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಯನ್ನು ನಿಲ್ಲಿಸಿ ದಡ ಸೇರಿರುತ್ತವೆ. ಅಕ್ಟೋಬರ್ ಕಳೆದ ಮೇಲೆ ನೀರು ತಿಳಿಯಾಗತೊಡಗುತ್ತದೆ. ಡಿಸೆಂಬರಿನಿಂದ ಫೆಬ್ರವರಿಯವರೆಗಿನ ದಿನಗಳು ಉತ್ತಮ. ಮೇ ತಿಂಗಳ ಶಾಲಾ ರಜೆಯಲ್ಲಿ ಬರುವವರು ಬಿಸಿಲನ್ನೂ ತಿಂಗಳ ಕೊನೆಯ ಗಾಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಒಳ್ಳೆಯ ಕಾಲದಲ್ಲಿಯೂ ಒಂದು ದಿನ ಗಾಳಿಯೆದ್ದರೆ ದೋಣಿ ಹೊರಡುವುದಿಲ್ಲ. ಆದುದರಿಂದ ಒಂದೇ ದಿನವನ್ನು ನಂಬಿ ಬರುವುದು ಜಾಣತನವಲ್ಲ. ಕೈಯಲ್ಲಿ ಒಂದು ಹೆಚ್ಚಿನ ದಿನವಿರಬೇಕು. ಬಂದು ಹೋಗುವ ದಾರಿಯೇನೋ ಸುಲಭ. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣಗೊಂಡ ಮೇಲೆ ಭಟ್ಕಳ, ಮುರ್ಡೇಶ್ವರ, ಹೊನ್ನಾವರ, ಕುಮಟಾ ನಾಲ್ಕೂ ಕಡೆಗಳಲ್ಲಿ ನಿಲ್ದಾಣಗಳಿವೆ. ಬೆಂಗಳೂರಿನಿಂದ ಕಾರವಾರದ ರಾತ್ರಿ ರೈಲನ್ನು ಹಿಡಿದವರು ಮರುದಿನ ಬೆಳಗ್ಗೆ ಕರಾವಳಿಯಲ್ಲಿರುತ್ತಾರೆ. ಇಳಿದ ದಿನವೇ ಕಡಲಿಗಿಳಿಯದೆ, ಒಂದು ರಾತ್ರಿ ಚೆನ್ನಾಗಿ ನಿದ್ರಿಸಿ ಮರುದಿನ ಮುಂಜಾನೆ ಹೊರಡುವುದು ಮೇಲು.

ಮುರ್ಡೇಶ್ವರದಿಂದ ನೇತ್ರಾಣಿಗೆ ದೋಣಿಯಲ್ಲಿ ಸುಮಾರು ಒಂದೂವರೆ ಗಂಟೆಯ ಪಯಣ. ಕಡಲು ಶಾಂತವಾಗಿ ಕಂಡರೂ ಅಲೆಯ ತೂಗಾಟ ಹೊಸಬರ ಹೊಟ್ಟೆಯನ್ನು ತೊಳಸದೆ ಬಿಡದು. ಬರಿಹೊಟ್ಟೆಯೂ ಬೇಡ, ಪೂರಿ ಸಾಗುವಿನ ತುಂಬು ಹೊಟ್ಟೆಯೂ ಬೇಡ. ಎರಡು ಇಡ್ಲಿ ಸಾಕು. ಒಂದು ಚೂರು ಶುಂಠಿಯನ್ನು ಬಾಯಲ್ಲಿಟ್ಟುಕೊಳ್ಳಬಹುದು. ವಾಂತಿಯ ಭಯವಿದ್ದವರು ವೈದ್ಯರನ್ನು ಕೇಳಿ ಮೊದಲೇ ಮಾತ್ರೆ ನುಂಗಿರಬೇಕು. ತಲೆ ಸುತ್ತಿದ ಮೇಲೆ ನುಂಗಿದ ಮಾತ್ರೆ ಉಪಯೋಗಕ್ಕೆ ಬಾರದು. ದೋಣಿಯಲ್ಲಿ ಕೈಯಲ್ಲಿನ ಫೋನನ್ನು ದಿಟ್ಟಿಸದೆ ದೂರದ ಬಾನಂಚನ್ನು ನೋಡುತ್ತ ಕುಳಿತರೆ ಸಂಕಟ ತಗ್ಗುತ್ತದೆ. ಜೀವರಕ್ಷಕ ಅಂಗಿಯನ್ನು ಕಾಲಬುಡದಲ್ಲಿಟ್ಟುಕೊಳ್ಳುವುದಲ್ಲ, ತೊಟ್ಟಿರಬೇಕು. ಮಕ್ಕಳಿಗೆ ಅವರ ಅಳತೆಯದೇ ಇದೆಯೇ ಎಂದು ಹತ್ತುವ ಮೊದಲೇ ಕೇಳಬೇಕು.

ಈಜು ಬಾರದವರೂ ಶಿಕ್ಷಕರ ಕೈ ಹಿಡಿದು ಸ್ಕೂಬಾ ಮುಳುಗನ್ನು ಅನುಭವಿಸಬಹುದು. ಆದರೆ ಅದಕ್ಕೆ ನಿಯಮಗಳಿವೆ. ನೆಗಡಿಯಾದಾಗ, ಕಿವಿ ನೋವಿದ್ದಾಗ ಮುಳುಗಕೂಡದು. ಉಬ್ಬಸ, ಹೃದಯರೋಗ, ಮೂರ್ಛೆರೋಗ ಇದ್ದವರೂ ಗರ್ಭಿಣಿಯರೂ ದೂರವಿರಬೇಕು. ಹತ್ತು ವರ್ಷಕ್ಕಿಂತ ಕಿರಿಯ ಮಕ್ಕಳಿಗೆ ಇದು ತಕ್ಕುದಲ್ಲ. ನೀರಿನೊಳಗೆ ಉಸಿರನ್ನು ಎಂದಿಗೂ ಬಿಗಿಹಿಡಿಯಬಾರದು. ಮೊದಲ ಬಾರಿಗೆ ಇಳಿಯುವವರನ್ನು 12 ಮೀಟರಿಗಿಂತ ಆಳಕ್ಕೆ ಒಯ್ಯಬಾರದು. ಶಿಕ್ಷಕರಿಗೆ ಪ್ರಮಾಣಪತ್ರವಿದೆಯೇ, ದೋಣಿಯಲ್ಲಿ ಆಮ್ಲಜನಕದ ವ್ಯವಸ್ಥೆಯಿದೆಯೇ ಎಂದು ಕೇಳಲು ಸಂಕೋಚ ಬೇಡ. ಕಸಬನ್ನು ಬಲ್ಲವರು ಇಂಥ ಪ್ರಶ್ನೆಗೆ ಬೇಸರಿಸುವುದಿಲ್ಲ. ಮುಳುಗಿ ಬಂದ ಮೇಲೆ 18 ಗಂಟೆಗಳವರೆಗೆ ವಿಮಾನ ಹತ್ತಬಾರದು. ಮಂಗಳೂರಿನಿಂದಲೋ ಗೋವೆಯಿಂದಲೋ ಅಂದೇ ಹಾರಬೇಕೆನ್ನುವವರು ಇದನ್ನು ನೆನಪಿಡಬೇಕು.

ಹವಳವು ಕಲ್ಲಿನಂತೆ ಕಂಡರೂ ಜೀವವುಳ್ಳದ್ದು. ಬಂಡೆಯಂತೆ ಬೆಳೆಯುವ ಜಾತಿಗಳು ವರ್ಷಕ್ಕೆ ಒಂದು ಸೆಂಟಿಮೀಟರಿನಷ್ಟು ಬೆಳೆದರೆ ಹೆಚ್ಚು. ಕಾಲಿಟ್ಟು ಮುರಿದ ಒಂದು ಕೊಂಬೆ ಮತ್ತೆ ಮೂಡಲು ಮನೆಯ ಮಗು ದೊಡ್ಡದಾಗುವಷ್ಟು ಕಾಲ ಬೇಕಾದೀತು. ಅದನ್ನು ಮುಟ್ಟಬಾರದು, ನೆನಪಿಗೆಂದು ಚೀಲಕ್ಕೆ ಸೇರಿಸಲೂಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದು ಅಪರಾಧ. ಬಿಸಿಲಿಗೆ ಮೈಗೆ ಲೇಪ ಬಳಿಯುವುದಕ್ಕಿಂತ ಉದ್ದ ತೋಳಿನ ಅಂಗಿ ಹವಳಕ್ಕೂ ಮೈಗೂ ಹಿತ.

ನಡುಗಡಲಿಗೆ ಅಂಜುವವರು ತೀರದಲ್ಲಿ ಧೈರ್ಯಶಾಲಿಗಳಾಗುವುದುಂಟು. ಅಪಾಯವಿರುವುದು ಅಲ್ಲಿಯೇ. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದ ಅಲೆಗಳಿಗೆ ಬಲಿಯಾದರು. ಆ ಬಳಿಕ ಕೆಲಕಾಲ ತೀರದ ಪ್ರವೇಶವನ್ನೇ ನಿಲ್ಲಿಸಲಾಯಿತು. 123 ಅಡಿಯ ಶಿವನ ವಿಗ್ರಹವನ್ನೂ ಇಪ್ಪತ್ತು ಅಂತಸ್ತಿನ ರಾಜಗೋಪುರವನ್ನೂ ನೋಡಿ ನೀರಿಗೆ ಓಡುವ ಮಕ್ಕಳ ಕೈಯನ್ನು ಹಿರಿಯರು ಬಿಡಬಾರದು. ಅಲೆಗಳು ಒಡೆಯುತ್ತಿರುವಾಗ ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ ಕಂಡರೆ, ಅಲ್ಲಿ ನೀರು ಕಡಲಿನೊಳಕ್ಕೆ ಹಿಂದೆಳೆಯುತ್ತಿರಬಹುದು. ಸೆಳೆತಕ್ಕೆ ಸಿಕ್ಕವರು ದಡದ ಕಡೆಗೆ ಸೆಣಸದೆ, ತೀರಕ್ಕೆ ಸಮಾನಾಂತರವಾಗಿ ಈಜಿ ಹೊರಬರಬೇಕು. ಸಿಕ್ಕವರನ್ನು ಕಂಡವರು ತಾವೂ ಧುಮುಕದೆ, ತೇಲುವ ವಸ್ತುವನ್ನು ಎಸೆದು ಜೀವರಕ್ಷಕರನ್ನು ಕೂಗಬೇಕು.

ಕಡಲು ಒಪ್ಪದ ದಿನ ವ್ಯರ್ಥವೇನೂ ಆಗಬೇಕಿಲ್ಲ. ಜೋಗದಲ್ಲಿ ಧುಮ್ಮಿಕ್ಕಿದ ಶರಾವತಿ ಕಡಲನ್ನು ಸೇರುವುದು ಹೊನ್ನಾವರದಲ್ಲಿ. ಎರಡು ಕಿಲೋಮೀಟರಿಗೂ ಉದ್ದವಾದ ರೈಲುಸೇತುವೆಯ ಆಸುಪಾಸಿನ ಹಿನ್ನೀರಿನಲ್ಲಿ ವೃದ್ಧರೂ ಶಿಶುಗಳೂ ನೆಮ್ಮದಿಯಾಗಿ ದೋಣಿಯಲ್ಲಿ ಸುತ್ತಬಹುದು. ಕಾಸರಕೋಡಿನಲ್ಲಿ ಕಾಂಡ್ಲಾ ಗಿಡಗಳ ನಡುವೆ ಮರದ ಹಾಸಿನ ಮೇಲೆ ನಡೆಯಬಹುದು. ಅಳಿವೆಯಾಚೆ ಕೆಳದಿಯ ಅರಸರ ಹೆಸರನ್ನು ಹೊತ್ತ ಬಸವರಾಜದುರ್ಗದ ದ್ವೀಪ ಜಂಬಿಟ್ಟಿಗೆಯ ಕೋಟೆಯೊಡನೆ ಕಾಣುತ್ತದೆ. ಕುಮಟಾ ತಾಲೂಕಿನಲ್ಲಿ, ಅಣೆಕಟ್ಟಿನ ಅಡ್ಡಿಯಿಲ್ಲದೆ ಕಡಲಿಗೆ ಬರುವ ಅಘನಾಶಿನಿಯ ಅಳಿವೆಯಿದೆ. 2024ರಲ್ಲಿ ಇದು ರಾಮ್‌ಸರ್ ತಾಣಗಳ ಪಟ್ಟಿಗೆ ಸೇರಿತು. ನೀರಿಳಿದಾಗ ಜನರು ಕೆಸರಿನಲ್ಲಿ ಬಳಚು ಆರಿಸುವುದನ್ನು ಇಲ್ಲಿ ನೋಡಬಹುದು. ಹೆದ್ದಾರಿಗೆ ಸಮೀಪದಲ್ಲಿಯೇ ಮಿರ್ಜಾನ ಕೋಟೆ. ಕಾಳುಮೆಣಸಿನ ರಾಣಿಯೆಂದು ಪೋರ್ಚುಗೀಸರಿಂದ ಹೆಸರು ಪಡೆದ ಚೆನ್ನಭೈರಾದೇವಿಯ ನೆನಪು ಅಲ್ಲಿದೆ. ದಕ್ಷಿಣಕ್ಕೆ ಹೊರಳುವವರಿಗೆ ಭಟ್ಕಳದಲ್ಲಿ ಕೇತಪೈ ನಾರಾಯಣ ದೇವಾಲಯದ ಕಲ್ಲಿನ ಕೆತ್ತನೆಯೂ ಜಟ್ಟಪ್ಪ ನಾಯಕನ ಬಸದಿಯೂ ಇವೆ.

ಟೋಪಿ, ಒಂದು ಜೊತೆ ಒಣ ಬಟ್ಟೆ, ಕುಡಿಯುವ ನೀರು, ಕಸವನ್ನು ಹಿಂದಕ್ಕೆ ತರಲೊಂದು ಚೀಲ: ದೋಣಿಗೆ ಇಷ್ಟು ಸಾಕು. ಮರಳಿದ ಮೇಲೆ ಒಂದು ಲೋಟ ಮುರುಗಲ ಹಣ್ಣಿನ ಪಾನಕ ಕುಡಿದರೆ ಬಿಸಿಲಿನ ಆಯಾಸ ಇಳಿಯುತ್ತದೆ. ಎಲ್ಲಕ್ಕೂ ಮಿಗಿಲಾಗಿ, ದೋಣಿಯವನು ನೀರನ್ನೊಮ್ಮೆ ನೋಡಿ "ಇವತ್ತು ಬೇಡ" ಎಂದರೆ ಅವನೊಡನೆ ವಾದಿಸಬಾರದು, ಹೆಚ್ಚು ಹಣದ ಆಸೆಯನ್ನೂ ತೋರಿಸಬಾರದು. ಕೊಟ್ಟ ಮುಂಗಡ ಹೋದರೂ ಹೋಗಲಿ. ನೇತ್ರಾಣಿ ನಾಳೆಯೂ ಅಲ್ಲಿಯೇ ಇರುತ್ತದೆ. ನೋಡಲು ಮನೆಮಂದಿಯೆಲ್ಲರೂ ಇರಬೇಕಲ್ಲವೆ?