ಹಾಜರಿ ಪಟ್ಟಿ ಓದುವ ಮಧ್ಯಾಹ್ನ

"ಬಿಗಿಯಾಗಿ ಇಡ್ಕಳಿ ಸಾರ್, ಸಡ್ಲ ಬುಟ್ರೆ ಲೆಕ್ಕ ತಪ್ತದೆ."

ಟೇಪಿನ ಒಂದು ತುದಿ ನಿಮ್ಮ ಕೈಗಿಟ್ಟು, ಸ್ತ್ರೀಶಕ್ತಿ ಸಂಘದ ಹೆಂಗಸು ಇನ್ನೊಂದು ತುದಿ ಹಿಡಿದು ಕಾಲುವೆ ಏರಿಯ ಮೇಲೆ ಸರಸರ ನಡೆದುಬಿಡುತ್ತಾರೆ. ತಲಕಾಡು ಹೋಬಳಿಯ ಒಂದು ಪಂಚಾಯಿತಿ. ಮಾಧವಮಂತ್ರಿ ನಾಲೆಯ ನೀರುಂಡ ಗದ್ದೆಗಳ ನಡುವೆ, ಉದ್ಯೋಗ ಖಾತ್ರಿಯಲ್ಲಿ ಹೂಳೆತ್ತಿದ ಸಣ್ಣ ಕಾಲುವೆ. 2024-25ರ ಕೆಲಸ, ಆಗ ದಿನಗೂಲಿ 349 ರೂಪಾಯಿ.

ಸಾಮಾಜಿಕ ಪರಿಶೋಧನೆಯ ತಂಡದ ಹುಡುಗ ಎಂ.ಬಿ. ಎಂಬ ಅಳತೆ ಪುಸ್ತಕದ ಜೆರಾಕ್ಸ್ ಬಿಚ್ಚಿ ಓದುತ್ತಾನೆ. ಉದ್ದ ಸರಿಹೋಗುತ್ತದೆ. ಅಗಲವೂ ಹೆಚ್ಚುಕಡಿಮೆ ಸರಿ. ಆಳಕ್ಕೆ ಬಂದಾಗ ಎಲ್ಲರೂ ಬಗ್ಗುತ್ತಾರೆ. ಒಬ್ಬ ಅಜ್ಜಿ ಟೇಪಿಗೆ ಕಾಯದೆ ಕೆಳಗಿಳಿದು, ನೀರು ಮುಟ್ಟದ ಮೇಲಂಚನ್ನು ಅಂಗೈಯಿಂದ ಸವರುತ್ತಾರೆ. ಒಂದೇ ಅಂತರದ ಉದ್ದುದ್ದ ಗೀರುಗಳು.

"ಇದು ಗುದ್ದಲಿ ಏಟಲ್ಲ ಕನವ್ವ. ಜೆಸಿಬಿ ಹಲ್ಲು."

ಖಾತ್ರಿ ಕೆಲಸದಲ್ಲಿ ಗುತ್ತಿಗೆದಾರ ಇರಲೇಬಾರದು. ಕೂಲಿಯವರ ಕೈ ತಪ್ಪಿಸುವ ಯಂತ್ರವನ್ನು ಆದಷ್ಟೂ ದೂರವಿಡಬೇಕು. ಸಾಮೂಹಿಕ ಕೆಲಸಗಳಿಗೆ ದಿನಕ್ಕೆರಡು ಸಲ ಮೊಬೈಲಿನಲ್ಲಿ ಹಾಜರಿ ಫೋಟೊ ಹಾಕುವುದು 2023ರ ಜನವರಿಯಿಂದ ಕಡ್ಡಾಯವಾಗಿತ್ತು. ಆ ಫೋಟೊಗೆ ಈ ಗೀರು ಓದಲು ಬರುವುದಿಲ್ಲ, ಅಜ್ಜಿಗೆ ಬರುತ್ತದೆ.

ಮಧ್ಯಾಹ್ನ ಪರಿಶೋಧನೆಯ ಗ್ರಾಮಸಭೆಗೆ ಶಾಲೆಯ ಮುಂದೆ ಶಾಮಿಯಾನ. ಕುಳಿತವರನ್ನು ಗಮನಿಸಿ. ಒಂದು ಕಡೆ ರೈತ ಸಂಘದ ಹಸಿರು ಟವೆಲ್ಲು, ಇನ್ನೊಂದು ಕಡೆ ದಲಿತ ಸಂಘರ್ಷ ಸಮಿತಿಯ ನೀಲಿ ಶಾಲು, ನಡುವೆ ಸ್ತ್ರೀಶಕ್ತಿ ಸಂಘದ ಹೆಂಗಸರು. ಇವರು ಒಂದೇ ಜಮಖಾನೆಯ ಮೇಲೆ ಕೂರುವುದು ಸಲೀಸಲ್ಲ. ಗದ್ದೆಯವರಿಗೆ ಖಾತ್ರಿ ಬಂದಮೇಲೆ ಕೂಲಿಯಾಳು ಸಿಗುವುದಿಲ್ಲವೆಂಬ ಸಿಟ್ಟು. ಕೂಲಿಯವರಿಗೆ ಆ ಗದ್ದೆಯ ಬದುವಿನ ಮೇಲೆ ನಿಂತು ಕೇಳಿಸಿಕೊಂಡ ಮಾತುಗಳ ನೆನಪು. 1980ರ ದಶಕದಲ್ಲಿ, ಅನುಮತಿಯಿಲ್ಲದೆ ಅಧಿಕಾರಿಗಳು ಒಳಬರಬಾರದೆಂದು ಊರ ಬಾಗಿಲಲ್ಲಿ ಬೋರ್ಡು ನೆಟ್ಟು ಅಧಿಕಾರವನ್ನು ಪ್ರಶ್ನಿಸಿದ್ದು ರೈತ ಸಂಘ. ಆದರೆ ಆ ಬೋರ್ಡಿನಾಚೆಯ ಕೇರಿಗೆ ಬೇರೆಯೇ ಪ್ರಶ್ನೆಗಳಿದ್ದವು. ರೈತ, ದಲಿತ ಚಳವಳಿ ಎರಡನ್ನೂ ಕೂಡಿಸಬೇಕೆಂದು 2005ರಲ್ಲಿ ಸರ್ವೋದಯ ಕರ್ನಾಟಕ ಪಕ್ಷ ಕಟ್ಟಿದವರಲ್ಲಿ ಪಕ್ಕದ ನಂಜನಗೂಡು ತಾಲ್ಲೂಕಿನ ದೇವನೂರ ಮಹಾದೇವರೂ ಇದ್ದರು. ಚುನಾವಣೆಯಲ್ಲಿ ಅದು ದೊಡ್ಡದಾಗಿ ಬೆಳೆಯಲಿಲ್ಲ. ಆ ಆಸೆ ಮಾತ್ರ ಇಂಥ ಶಾಮಿಯಾನದ ಕೆಳಗೆ ಇನ್ನೂ ಬದುಕಿದೆ ಎಂದು ನಾನು ನಂಬುತ್ತೇನೆ.

ಹಾಜರಿ ಪಟ್ಟಿ ಓದುವುದು ಶುರು. 1994ರ ಡಿಸೆಂಬರಿನಲ್ಲಿ ರಾಜಸ್ಥಾನದ ಕೋಟ್ ಕಿರಾನಾದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಮಾಡಿದ್ದೂ ಇದನ್ನೇ: ಸರ್ಕಾರದ ಪಟ್ಟಿಯನ್ನು ಅದರಲ್ಲಿ ಹೆಸರಿದ್ದವರ ಎದುರೇ ಗಟ್ಟಿಯಾಗಿ ಓದಿತು. ಇಲ್ಲಿ ಒಂದು ಹೆಸರಿಗೆ ಓದು ನಿಲ್ಲುತ್ತದೆ.

"ನನ್ ಮಗ ಬೆಂಗ್ಳೂರಲ್ಲವ್ನೆ. ಹಬ್ಬಕ್ಕೂ ಬಂದಿಲ್ಲ. ಅವ್ನ್ ಕೂಲಿ ಯಾರ್ ಉಂಡ್ರು ಸಾಮಿ?"

ವೇದಿಕೆಯಿಂದ, "ಆಮೇಲೆ ನೋಡೋಣ ಕೂತ್ಕೊಳ್ಳಮ್ಮ" ಎಂಬ ದನಿ. ಅವ್ವ ಕೂರುವುದಿಲ್ಲ, ಆದರೆ ಒಬ್ಬರೇ ನಿಂತಿದ್ದಾರೆ. ಆಗ ಹಸಿರು ಟವೆಲ್ಲಿನ ಹಿರಿಯರೊಬ್ಬರು ಏಳುತ್ತಾರೆ. "ಆಮ್ಯಾಕೆ ಯಾಕೆ? ಕಾಲುವೆ ನಮ್ದು, ಕೂಲಿ ಅವ್ರ್ದು. ಈಗ್ಲೇ ಬರ್ಕಳಿ." ನೀಲಿ ಶಾಲಿನವರು ಒಂದು ಕ್ಷಣ ಅವರತ್ತ ತಿರುಗಿ ನೋಡಿ, ತಾವೂ ಏಳುತ್ತಾರೆ.

ನೋಡಲ್ ಅಧಿಕಾರಿ ಪೆನ್ನು ತೆಗೆಯುತ್ತಾರೆ. ವಸೂಲಾತಿಗೆ ಶಿಫಾರಸು ನಡಾವಳಿಗೆ ಸೇರುತ್ತದೆ. ಬರೆದದ್ದನ್ನು ಓದಿ ಹೇಳುವವರೆಗೆ ಯಾರೂ ಸಹಿ ಹಾಕುವುದಿಲ್ಲ.

ಶಿಫಾರಸಾದ ಮಾತ್ರಕ್ಕೆ ಹಣ ವಾಪಸು ಬರುವುದಿಲ್ಲ, ಇದು ಇಲ್ಲಿ ಎಲ್ಲರಿಗೂ ಗೊತ್ತು. ಶಾಮಿಯಾನ ಬಿಚ್ಚುವ ಹೊತ್ತಿಗೆ ಹುಡುಗರು ಮಾಹಿತಿ ಹಕ್ಕಿನ ಅರ್ಜಿ ಬರೆಯುತ್ತಿದ್ದಾರೆ: ನಡಾವಳಿಯ ಪ್ರತಿ, ಮೂಲ ಎಂ.ಬಿ., ಹಣ ಹೋದ ಖಾತೆಯ ವಿವರ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಹಾಗಾಗಿ ಮೂರು ಅರ್ಜಿ. 30 ದಿನದೊಳಗೆ ಉತ್ತರ ಕೊಡಬೇಕು. 10 ರೂಪಾಯಿ ಶುಲ್ಕ ಬಿ.ಪಿ.ಎಲ್. ಕುಟುಂಬಕ್ಕಿಲ್ಲ, ಅರ್ಜಿದಾರರ ಜಾಗದಲ್ಲಿ ಅವ್ವ ತನ್ನ ಹೆಸರನ್ನೇ ಬರೆಸುತ್ತಾರೆ.